ಚಿಗರಿ ಉಳಿಯಿತು, ಎರೆಭೂತ ಎಲ್ಲಿ ಹೋಯಿತು?

ದೀಪಾವಳಿ ಕಳೆದು ಹತ್ತು ದಿನವಾಗಿತ್ತು. ನವಲಗುಂದ ತಾಲ್ಲೂಕಿನ ತಿರ್ಲಾಪುರದ ಹತ್ತಿರ ಕಡಲೆ ಹೊಲವೊಂದರ ಬದುವಿನ ಮೇಲೆ ಮುಂಜಾನೆ ನಿಂತಿದ್ದೆ. ಸಸಿ ನಾಲ್ಕು ಬೆರಳು ಎತ್ತರ ಬಂದಿತ್ತು, ಎಲೆಯ ಮೇಲೆಲ್ಲ ಇಬ್ಬನಿ. ಸಾಲು ಹಿಡಿದು ಸ್ವಲ್ಪ ದೂರ ಹೋದರೆ ಕುಡಿಯೇ ಇಲ್ಲದ ಗಿಡಗಳು. ಕುಕ್ಕರಗಾಲಲ್ಲಿ ಕೂತು ನೋಡಿದೆ. ಕಾಂಡದ ತುದಿ ಕತ್ತರಿಸಿದಂತಿರಲಿಲ್ಲ, ಎಳೆ ಎಳೆಯಾಗಿ ಹರಿದಿತ್ತು. ಮೊಲ ತಿಂದಿದ್ದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿರುತ್ತದೆ. ಅದಕ್ಕೆ ಮೇಲೂ ಕೆಳಗೂ ಉಳಿಯಂಥ ಹಲ್ಲುಗಳಿವೆ. ಚಿಗರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ನಮ್ಮ ಎತ್ತು ಆಡುಗಳಿಗೆ ಇಲ್ಲದ ಹಾಗೆಯೇ. ಕುಡಿಯನ್ನು ಒಸಡಿಗೆ ಒತ್ತಿ ಹಿಡಿದು ಜಗ್ಗುತ್ತದೆ. ಪಕ್ಕದ ಹಸಿ ಮಣ್ಣಿನಲ್ಲಿ ಹೆಜ್ಜೆಗಳಿದ್ದವು, ಎರಡು ಕುಂಬಳ ಬೀಜ ಜೋಡಿಸಿ ಒತ್ತಿದ ಹಾಗೆ.

ಹೊಲದ ಯಜಮಾನರು ಎಪ್ಪತ್ತು ದಾಟಿದವರು. ‘ರಾತ್ರಿ ಹತ್ತಿಪ್ಪತ್ತು ಬಂದಿದ್ವು ನೋಡ್ರಿ ಸರ. ಬಿತ್ತಾವ್ರು ನಾವು, ಮೇಯಾವು ಅವು. ಎಷ್ಟ್ ರಾತ್ರಿ ಅಂತ ಎದ್ದು ಕಾಯೂದು?’ ಎಂದರು. ಹೊಲದ ಸುತ್ತ ಹಳೆ ಸೀರೆ ಕಟ್ಟಿದ್ದರು. ಅದರ ಅಂಚು ಗಾಳಿಗೆ ಪಟಪಟ ಬಡಿಯುತ್ತಿತ್ತು.

ನಾನು ಬೇರೆ ಪ್ರಾಣಿಯೊಂದರ ಸುದ್ದಿ ತೆಗೆದೆ. ‘ಅಜ್ಜಾರ, ಈ ಎರಿಯೊಳಗ ಎರೆಭೂತ ಅಂತ ದೊಡ್ಡ ಹಕ್ಕಿ ಇತ್ತಂತಲ್ರಿ, ನೋಡೀರೇನ್ರಿ?’

‘ನಾ ನೋಡಿಲ್ರಿ. ನಮ್ಮಪ್ಪ ಹೇಳ್ತಿದ್ದ, ಆಳಿನ ಎದಿಮಟ ಬರೂವಂಥಾ ಹಕ್ಕಿ ಜ್ವಾಳದ ಹೊಲದಾಗ ತಿರಗತಿತ್ತಂತ.’

ಈ ಅಧ್ಯಾಯದ ಒಗಟು ಇದೇ. ಎರಡೂ ಎರೆನೆಲದ ಬಯಲಲ್ಲೇ ಬಾಳಿದ ಜೀವಿಗಳು. ಒಂದರ ಹೆಸರನ್ನು ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ಇಟ್ಟಿದ್ದೇವೆ. ಅದರ ಹಾವಳಿಗೆ ರೈತರು ನಿದ್ದೆಗೆಡುತ್ತಿದ್ದಾರೆ. ಇನ್ನೊಂದನ್ನು ಎಪ್ಪತ್ತು ದಾಟಿದವರೂ ಕಂಡಿಲ್ಲ.

ಒಂದೇ ಮನೆ, ಒಂದೇ ಕಾನೂನು

ಚಿಗರಿಯನ್ನು ಪುಸ್ತಕಗಳಲ್ಲಿ ಕೃಷ್ಣಮೃಗ ಎನ್ನುತ್ತಾರೆ. ಎರೆಭೂತಕ್ಕೆ ಎರ್ಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳೂ ಇವೆ. ಇಂಗ್ಲಿಷಿನವರ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇದೇ. ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು ಮಾತ್ರ. ತಲೆಯ ಮೇಲೆ ಕರಿ ಟೋಪಿ, ಬಿಳಿ ಕತ್ತು, ಕಂದು ಬೆನ್ನು. ಮಿಡತೆ, ಜೀರುಂಡೆ, ಓತಿಕ್ಯಾತ, ಬಾರಿ ಹಣ್ಣು, ಉದುರಿದ ಕಾಳು, ಸಿಕ್ಕಿದ್ದನ್ನು ತಿನ್ನುತ್ತಾ ದಿನವಿಡೀ ನಡೆಯುತ್ತದೆ. ರೈತನಿಗೆ ಕೇಡು ಮಾಡುವುದು ಕಡಿಮೆ, ಹುಳ ಹೆಕ್ಕಿ ಮಾಡುವ ಉಪಕಾರ ಹೆಚ್ಚು.

ಬೇಟೆಯೇ ಕಾರಣವೆಂದು ಮೊದಲು ತೋರುತ್ತದೆ. ಆದರೆ ಕೋವಿ ಎರಡನ್ನೂ ಕೊಂದಿದೆ. ಕಾನೂನು ಒಂದನ್ನು ಮರೆಯಿತೋ ಎಂದರೆ ಅದೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಎರಡೂ ಇವೆ. ಜಾಗದ ಮಾತು ತೆಗೆದರೆ ರಾಣೆಬೆನ್ನೂರಿನ ಉದಾಹರಣೆ ಕಣ್ಣಮುಂದಿದೆ. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಆಗ ಹಾವೇರಿ ಜಿಲ್ಲೆ ಹುಟ್ಟಿರಲಿಲ್ಲ, ರಾಣೆಬೆನ್ನೂರು ಧಾರವಾಡ ಜಿಲ್ಲೆಯ ಊರು. ಅಲ್ಲಿ ಎರೆಭೂತವೂ ಇತ್ತು. ಒಂದೇ ಬೇಲಿಯೊಳಗೆ, ಒಂದೇ ಕಾವಲಿನಲ್ಲಿ ಚಿಗರಿ ಸಾವಿರಗಟ್ಟಲೆಯಾಯಿತು. ಎರೆಭೂತ ಒಂದೊಂದಾಗಿ ಇಲ್ಲವಾಯಿತು.

ಹಾಗಾದರೆ ವ್ಯತ್ಯಾಸವಿರುವುದು ಹೊರಗಿನ ಕಾವಲಿನಲ್ಲಲ್ಲ, ಆ ಜೀವಿಗಳ ಬಾಳಿನ ಲೆಕ್ಕದಲ್ಲಿ.

ಹಗೇವಿನ ಲೆಕ್ಕ

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ಹಾಕುತ್ತಿದ್ದರು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ರವದಿ ಹಾಸಿ, ಕಾಳು ತುಂಬಿ, ಮೇಲೆ ಮಣ್ಣು ಮುಚ್ಚಿದರೆ ವರ್ಷಾನುಗಟ್ಟಲೆ ಕೆಡದೆ ಇರುತ್ತಿತ್ತು. ಎರಡು ಹಗೇವು ಇವೆ ಎಂದುಕೊಳ್ಳಿ, ಎರಡರಲ್ಲೂ ಸಮ ಜೋಳ. ಮೊದಲನೆಯದಕ್ಕೆ ಪ್ರತಿ ಸುಗ್ಗಿಗೆ ಹತ್ತಾರು ಚೀಲ ಬಂದು ಬೀಳುತ್ತದೆ, ಮನೆಮಂದಿ ತಿಂದ ಮೇಲೂ ಕೆಲವು ಚೀಲ ಉಳಿಯುತ್ತದೆ. ಎರಡನೆಯದಕ್ಕೆ ವರ್ಷಕ್ಕೆ ಬರುವುದು ಒಂದೇ ಚೀಲ, ತೆಗೆಯುವುದು ಮುಕ್ಕಾಲು ಚೀಲ. ಈಗ ಎರಡಕ್ಕೂ ಹೆಗ್ಗಣ ಬಿದ್ದಿತು. ಎರಡೂ ಕಡೆ ಅದು ಕದಿಯುವುದು ವರ್ಷಕ್ಕೆ ಅರ್ಧ ಚೀಲ. ಮೊದಲನೇ ಮನೆಯವರಿಗೆ ಹೆಗ್ಗಣ ಬಂದದ್ದೇ ತಿಳಿಯುವುದಿಲ್ಲ. ಎರಡನೇ ಹಗೇವು ಬರಿದಾಗುತ್ತ ಹೋಗುತ್ತದೆ. ಮೇಲೆ ಮಣ್ಣು ಮುಚ್ಚಿರುವುದರಿಂದ ಅದೂ ಬಹಳ ದಿನ ಯಾರ ಗಮನಕ್ಕೂ ಬರುವುದಿಲ್ಲ.

ಚಿಗರಿ ಮೊದಲನೇ ಹಗೇವು. ಹೆಣ್ಣು ಎರಡು ವರ್ಷದೊಳಗೆ ತಾಯಿಯಾಗಬಲ್ಲದು. ಗಬ್ಬವಾದ ಸುಮಾರು ಆರು ತಿಂಗಳಿಗೆ ಒಂದು ಮರಿ ಈಯುತ್ತದೆ. ಈದ ಸ್ವಲ್ಪ ದಿನಕ್ಕೇ ಮತ್ತೆ ಗಬ್ಬವಾಗುವುದುಂಟು, ಆದ್ದರಿಂದ ಅನುಕೂಲದ ಕಾಲದಲ್ಲಿ ಎರಡು ವರ್ಷಕ್ಕೆ ಮೂರು ಮರಿಗೆ ಅಡ್ಡಿಯಿಲ್ಲ. ಇದನ್ನು ನಾನು ಅವಸರದ ಬಾಳು ಎನ್ನುತ್ತೇನೆ. ಇಂಥ ಜೀವಿ ಹೀಗೆ ಹೆರುವುದಕ್ಕೆ ಹಳೆಯ ಕಾರಣವೊಂದಿದೆ. ಬಯಲಲ್ಲಿ ತೋಳವಿತ್ತು, ಸಿವಂಗಿಯಿತ್ತು. ಈಗ ಚೀತಾ ಎಂದು ಸುದ್ದಿಯಾಗುತ್ತಿರುವ ಪ್ರಾಣಿಯೇ ನಮ್ಮ ಸಿವಂಗಿ. ಅದು ನಮ್ಮ ದೇಶದಿಂದ ಅಳಿಯಿತೆಂದು 1952ರಲ್ಲಿ ಸರ್ಕಾರವೇ ಹೇಳಿತು. ತೋಳವೂ ವಿರಳವಾಯಿತು. ತಿನ್ನುವವರು ಇಲ್ಲವಾದರೂ ಹೆರುವ ವೇಗ ಹಾಗೇ ಉಳಿಯಿತು. ಅಜ್ಜನ ಕಡಲೆಯ ಕುಡಿ ಹರಿದುಹೋಗಿರುವುದರ ಹಿಂದೆ, ಎಪ್ಪತ್ತು ವರ್ಷಕ್ಕೂ ಹಿಂದೆ ಅಳಿದುಹೋದ ಸಿವಂಗಿಯ ಗೈರುಹಾಜರಿಯೂ ಇದೆ.

ಒಂದೇ ಮೊಟ್ಟೆ

ಎರೆಭೂತದ್ದು ನಿಧಾನದ ಬಾಳು. ಹೆಣ್ಣು ಎರಡು ಮೂರು ವರ್ಷಕ್ಕೆ ಬಲಿಯುತ್ತದೆ, ಗಂಡು ಐದಾರು ವರ್ಷ ತೆಗೆದುಕೊಳ್ಳುತ್ತದೆ. ಮೊಟ್ಟೆ ಸಾಮಾನ್ಯವಾಗಿ ಒಂದೇ, ಎರಡಿಡುವುದು ಅಪರೂಪ. ಗೂಡಿಲ್ಲ. ಬರೀ ನೆಲದ ಮೇಲೆ ಒಂದು ಸಣ್ಣ ತಗ್ಗು, ಅದರಲ್ಲಿ ಮಣ್ಣಿನ ಬಣ್ಣಕ್ಕೆ ಹೊಂದುವ ಒಂದು ಮೊಟ್ಟೆ. ಸುಮಾರು 27 ದಿನ ತಾಯಿಯೊಂದೇ ಕಾವು ಕೊಡುತ್ತದೆ. ಮರಿ ಹೊರಬಂದ ಮೇಲೂ ತಿಂಗಳುಗಟ್ಟಲೆ ಅದನ್ನು ಬೆನ್ನ ಹಿಂದೆಯೇ ಕರೆದುಕೊಂಡು ತಿರುಗುತ್ತದೆ. ಗಂಡಿನ ಸಹಾಯ ಏನೇನೂ ಇಲ್ಲ.

ಪೆನ್ಸಿಲ್ ಹಿಡಿದು ಒಂದು ಅಂದಾಜು ಮಾಡೋಣ. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನೇ ಹಿಡಿದವು. ನೂರು ಎರೆಭೂತಗಳಿವೆ. ಐವತ್ತು ಹೆಣ್ಣು, ಎಳೆಯವನ್ನು ಬಿಟ್ಟರೆ ಮೊಟ್ಟೆಯಿಡುವವು ನಲವತ್ತು. ನಾಯಿ, ನರಿ, ಕಾಗೆ, ದನದ ಕಾಲ್ತುಳಿತ ಎಲ್ಲ ಕಳೆದು ಇಪ್ಪತ್ತು ಮೊಟ್ಟೆ ಒಡೆದವು. ಅವುಗಳಲ್ಲಿ ದೊಡ್ಡವಾಗಿ ಉಳಿದದ್ದು ಹತ್ತು. ಇದು ಜಮೆ. ಈ ಹಕ್ಕಿಯ ಆಯುಸ್ಸು ಹನ್ನೆರಡು ಹದಿನೈದು ವರ್ಷ. ಹಾಗಾಗಿ ಮುಪ್ಪು, ರೋಗಗಳಿಂದ ವರ್ಷಕ್ಕೆ ಏಳೆಂಟು ಸಾಯುತ್ತವೆ. ಇದು ಖರ್ಚು. ಉಳಿದದ್ದು ಎರಡೋ ಮೂರೋ. ಸಾವಿರಾರು ವರ್ಷ ಈ ಹಕ್ಕಿ ಇಷ್ಟು ಕಡಿಮೆ ಉಳಿತಾಯದಲ್ಲೇ ನೆಮ್ಮದಿಯಾಗಿ ಬಾಳಿತು. ದೊಡ್ಡ ಹಕ್ಕಿಯನ್ನು ಕೊಲ್ಲುವವರೇ ವಿರಳವಾಗಿದ್ದರಿಂದ ಮರಿ ಹೆಚ್ಚು ಮಾಡುವ ಗರಜೇ ಅದಕ್ಕೆ ಬೀಳಲಿಲ್ಲ.

ಈಗ ಯಾವುದೋ ಹೊಸ ಕಾರಣಕ್ಕೆ ವರ್ಷಕ್ಕೆ ಐದು ದೊಡ್ಡ ಹಕ್ಕಿ ಹೆಚ್ಚಿಗೆ ಸತ್ತವು ಎನ್ನಿ. ನೂರರಲ್ಲಿ ಐದು, ಯಾರೂ ಗಾಬರಿಯಾಗುವ ಸಂಖ್ಯೆಯಲ್ಲ. ಆದರೆ ಲೆಕ್ಕ ಉಲ್ಟಾ ಆಯಿತು. ಎರಡು ಮೂರು ಉಳಿಯುತ್ತಿದ್ದಲ್ಲಿ ಎರಡು ಮೂರು ಕಳೆಯತೊಡಗಿತು. ಹಿಂಡು ಸಣ್ಣದಾದಷ್ಟೂ ಗಂಡಿಗೆ ಹೆಣ್ಣು ಸಿಗುವುದು ಕಷ್ಟ, ಹತ್ತಿರದ ನೆಂಟರಲ್ಲೇ ಜೋಡಿ. ಜಮೆಯೂ ಕುಗ್ಗುತ್ತದೆ.

ಅದೇ ಐದು ಸಾವು ನೂರು ಚಿಗರಿಗೆ ಬಂದರೆ? ಅರವತ್ತು ಹೆಣ್ಣಿದ್ದರೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಮರಿ. ಅರ್ಧಕ್ಕಿಂತ ಹೆಚ್ಚು ಮರಿಗಳು ಸತ್ತರೂ ಆ ಐದು ಲೆಕ್ಕಕ್ಕೇ ಸಿಗುವುದಿಲ್ಲ.

ಹೆಸರು ಬೆಳೆ ಒಂದು ವರ್ಷ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತುತ್ತೇವೆ. ಹೊಲದ ಬದುವಿನ ಹಳೆ ಹುಣಸೆಮರ ಉರುಳಿದರೆ ಅದರ ನೆರಳು ಮೊಮ್ಮಕ್ಕಳ ಕಾಲಕ್ಕೇ ಮತ್ತೆ. ನಿಧಾನದ ಬಾಳಿನ ಜೀವಿಗಳಲ್ಲಿ ಬೆಳೆದು ನಿಂತ ಒಂದೊಂದು ತಲೆಯೂ ಆ ಹುಣಸೆಮರವೇ. ಮರಿ ಸತ್ತರೆ ನಷ್ಟ, ತಾಯಿ ಸತ್ತರೆ ಮುಂದಿನ ಹತ್ತು ವರ್ಷದ ಮೊಟ್ಟೆಗಳೂ ಜೊತೆಗೇ ಹೋಗುತ್ತವೆ.

ಕಣ್ಣಿದ್ದೂ ಕಾಣದ ತಂತಿ

ಕೋವಿ ಸುಮ್ಮನಾದ ಮೇಲೆ ಈ ಹಕ್ಕಿಯ ಹಗೇವಿಗೆ ಬಿದ್ದ ಹೆಗ್ಗಣ ಯಾವುದು? ದೊಡ್ಡ ಉತ್ತರ ವಿದ್ಯುತ್ ತಂತಿ. ಇಲ್ಲಿ ಓದುಗರು ಅನುಮಾನಪಡುವುದು ಸಹಜ. ಮೈಲು ದೂರದ ಮನುಷ್ಯನನ್ನು ಗುರುತಿಸಿ ಜಾಗ ಖಾಲಿ ಮಾಡುವ ಹಕ್ಕಿ ಕಣ್ಣೆದುರಿನ ತಂತಿಗೆ ಹೇಗೆ ಬಡಿಯುತ್ತದೆ?

ಎತ್ತಿನ ಮೂಗಿನ ನೇರ ಮುಂದೆ, ತೀರ ಹತ್ತಿರ ಕೈ ಹಿಡಿದು ನೋಡಿ. ಅದು ಕತ್ತು ಓರೆ ಮಾಡಿ ಒಂದು ಕಣ್ಣಿನಲ್ಲಿ ನಿಮ್ಮ ಕೈ ಹುಡುಕುತ್ತದೆ. ಕಣ್ಣು ತಲೆಯ ಎರಡು ಬದಿಗಿರುವ ಪ್ರಾಣಿಗೆ ಸುತ್ತಲಿನದು ಬಹಳಷ್ಟು ಕಾಣುತ್ತದೆ, ಮುಂದಿನದು ಕಾಣುವುದು ಕಡಿಮೆ. ಹುಲ್ಲು ಮೇಯುವಾಗ ಹಿಂದಿನಿಂದ ಯಾರು ಬಂದರು ಎಂದು ತಿಳಿಯಬೇಕಾದವರಿಗೆ ಇಂಥ ಕಣ್ಣೇ ಸರಿ. ಎರೆಭೂತದ ಕಣ್ಣೂ ಇದೇ ಜಾತಿಯದು.

ಎರೆಭೂತದ ಹತ್ತಿರದ ಸಂಬಂಧಿ ಆಫ್ರಿಕದ ಕೋರಿ ಬಸ್ಟರ್ಡ್. ಅದರ ನೋಟವನ್ನು ವಿಜ್ಞಾನಿಗಳು ಅಳೆದಿದ್ದಾರೆ. ಎರಡೂ ಕಣ್ಣಿಗೆ ಒಟ್ಟಿಗೆ ಕಾಣುವ ಪಟ್ಟಿ ಬಹಳ ಕಿರಿದು. ಅದರ ಮೇಲುಗಡೆ ಏನೂ ಕಾಣದ ಒಂದು ಭಾಗವಿದೆ. ಅದನ್ನು ಕುರುಡು ಸಂದು ಎನ್ನೋಣ. ನೆಲದ ಮೇಲೆ ಇದರಿಂದ ಉಪಕಾರವೇ: ನೆತ್ತಿಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಹಾರುತ್ತಿರುವಾಗ ಕೆಳಗಿನ ಹುಲ್ಲು, ಇಳಿಯುವ ಜಾಗ, ಜೊತೆಯ ಹಕ್ಕಿಗಳನ್ನು ನೋಡಲೆಂದು ತಲೆಯನ್ನು ತುಸು ಬಗ್ಗಿಸಿತೆನ್ನಿ. ಕುರುಡು ಸಂದು ನೇರ ಮುಂದಕ್ಕೆ ಬಂದು ಕೂರುತ್ತದೆ. ಆ ಹೊತ್ತಿಗೆ ಹಕ್ಕಿ ತಾನು ಹೋಗುತ್ತಿರುವ ದಿಕ್ಕಿಗೇ ಕುರುಡು. ಆಕಾಶದಲ್ಲಿ ಅಡ್ಡ ಬರುವಂಥದು ಏನೂ ಇರದಿದ್ದ ಕಾಲದಲ್ಲಿ ರೂಪುಗೊಂಡ ಕಣ್ಣು ಅದು, ಆಗ ಮುಂದೆ ನೋಡುತ್ತಲೇ ಹಾರಬೇಕಾದ ಅಗತ್ಯವೇ ಇರಲಿಲ್ಲ.

ಕೊನೆ ಗಳಿಗೆಯಲ್ಲಿ ತಂತಿ ಕಂಡಿತು ಎಂದೇ ಇಟ್ಟುಕೊಳ್ಳಿ. ಗುಬ್ಬಿಯಾದರೆ ರಪ್ಪನೆ ತಿರುಗುತ್ತಿತ್ತು. ಹತ್ತು ಹದಿನೈದು ಕಿಲೋ ಮೈಯ ಹಕ್ಕಿ ತುಂಬಿದ ಚಕ್ಕಡಿ ಇದ್ದ ಹಾಗೆ, ಹೇಳಿದ ಕೂಡಲೇ ತಿರುಗುವುದಿಲ್ಲ.

ಇನ್ನು ನಾನು ಹಿಡಿದದ್ದಲ್ಲದ ಅಂಕಿ. ರಾಜಸ್ಥಾನದ ಥಾರ್ ಬಯಲಲ್ಲಿ ಉಳಿದಿದ್ದ ಸುಮಾರು 128 ಹಕ್ಕಿಗಳಲ್ಲಿ ತಂತಿಗೆ ಬಡಿದು ಸಾಯುವವು ವರ್ಷಕ್ಕೆ ಸುಮಾರು 18 ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ನಮ್ಮ ಪೆನ್ಸಿಲ್ ಲೆಕ್ಕದಲ್ಲಿ ನೂರಕ್ಕೆ ಐದೇ ಸಾಕಾಗಿತ್ತು. ಇದು ನೂರಕ್ಕೆ ಹದಿನಾಲ್ಕು. 1969ರಲ್ಲಿ ದೇಶದಲ್ಲಿ 1,260ರಷ್ಟು ಎರೆಭೂತಗಳಿವೆ ಎಂದು ಅಂದಾಜಿತ್ತು. ಈಗಿರುವುದು 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲೇ. 2011ರಿಂದ ಇದು ಜಗತ್ತಿನ ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟನ್ನು ಪಕ್ಷಿವೀಕ್ಷಕರು 2000ದ ದಶಕದಲ್ಲಿ ಕಂಡು ಸುದ್ದಿ ಮಾಡಿದರು. ಇಲ್ಲಿ ಉಳಿದಿದೆ ಎಂಬ ಆಸೆಯ ಎಳೆ ಅದೊಂದೇ. ಗದಗ, ಹಾವೇರಿ, ಧಾರವಾಡದ ಬಯಲುಗಳಲ್ಲಿ ಗಾಳಿಯಂತ್ರಗಳೂ ಅವುಗಳ ತಂತಿಗಳೂ ಈಗ ದಟ್ಟವಾಗಿವೆ.

ನೆಟ್ಟ ಗಿಡ

ತಂತಿ ಖರ್ಚು ಹೆಚ್ಚಿಸಿತು. ರಾಣೆಬೆನ್ನೂರಿನಲ್ಲಿ ಜಮೆಗೆ ಕಲ್ಲು ಹಾಕಿದ್ದು ಇನ್ನೊಂದು: ನೀಲಗಿರಿ ಗಿಡ.

ಮರವಿಲ್ಲದ ನೆಲ ಎಂದರೆ ಹಾಳುಬಿದ್ದ ನೆಲ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಕಾಗದಪತ್ರದಲ್ಲೂ ಹುಲ್ಲುಬಯಲಿಗೆ ಬಂಜರು ಎಂದೇ ಬರೆಯುತ್ತಾರೆ. ಊರ ಗಾಯರಾಣ ಯಾವ ಕಟ್ಟಡಕ್ಕೂ ಸಲೀಸಾಗಿ ಸಿಗುವುದೂ ಇದಕ್ಕೇ. ಆ ಕುರುಚಲು ಬಯಲಿನಲ್ಲಿ ನೀಲಗಿರಿ ನೆಟ್ಟವರ ಮನಸ್ಸು ಕೆಟ್ಟದ್ದಲ್ಲ. ಕಾಡು ಬೆಳೆಸುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಆದರೆ ಎರೆಭೂತದ ಗಂಡು ಹೆಣ್ಣನ್ನು ಕರೆಯುವ ರೀತಿ ನೋಡಿ. ಬಿಳಿ ಕತ್ತಿನ ಚೀಲ ಉಬ್ಬಿಸಿ ನೆಲದ ಹತ್ತಿರದವರೆಗೆ ಇಳಿಬಿಡುತ್ತದೆ, ಬಾಲವನ್ನು ಬೆನ್ನ ಮೇಲೆ ಮಡಚುತ್ತದೆ, ಆಳದಿಂದ ಹೂಂಕರಿಸುತ್ತದೆ. ದೂರದ ಹೆಣ್ಣಿಗೆ ಆ ಬಿಳುಪು ಕಾಣಬೇಕು. ತೆರೆದ ಬಯಲೇ ಅದರ ಮದುವೆಯ ಹಂದರ. ಅಲ್ಲಿ ಸಾಲು ಸಾಲು ಗಿಡ ಎದ್ದರೆ ಕುಣಿತವೂ ಕಾಣದು, ನೆಲದ ಮೊಟ್ಟೆಯ ಕಡೆ ಬರುವ ನಾಯಿಯೂ ತಾಯಿಗೆ ಕಾಣದು.

ಚಿಗರಿಗೂ ಬೇಕಾದದ್ದು ಬಯಲೇ. ದೂರದಿಂದಲೇ ನೋಡಿ ಓಡುವ ಪ್ರಾಣಿ ಅದು, ತಾಸಿಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲದು. ಆದರೂ ಅದು ಹೊಂದಿಕೊಂಡಿತು. ಹಗಲು ನೀಲಗಿರಿ ತೋಪಿನಲ್ಲಿ ಮರೆಯಾಗಿದ್ದು ರಾತ್ರಿ ಹೊಲಕ್ಕೆ ಇಳಿಯುವುದನ್ನು ಕಲಿತಿತು. ಹುಲ್ಲು ಹೋದಲ್ಲಿ ಹೆಸರು, ಕಡಲೆ ಸಿಕ್ಕಿತು. ಒಂದೇ ತೋಪು ಒಬ್ಬರ ಮನೆ ಮುರಿಯಿತು, ಇನ್ನೊಬ್ಬರಿಗೆ ರಾತ್ರಿ ಕಳ್ಳತನದ ಮರೆಯಾಯಿತು. ನವಲಗುಂದದ ಕಡೆ ಕಥೆ ಬೇರೆ: ಮಲಪ್ರಭಾ ಕಾಲುವೆ ಬಂದ ಮೇಲೆ ಬೀಳುಬಿಟ್ಟ ಹುಲ್ಲುನೆಲ ಕರಗಿತು, ಬದುಬದುವೂ ಸಾಗುವಳಿಯಾಯಿತು. ಆದರೆ ಹುಲ್ಲು ಕಳೆದುಕೊಂಡ ಚಿಗರಿಯ ಮುಂದಿರುವ ತಟ್ಟೆ ಇಲ್ಲೂ ಒಂದೇ, ರೈತನ ಹೊಲ.

ಎರಡು ಬೇನೆ, ಎರಡು ಔಷಧ

ಲೆಕ್ಕ ತಿಳಿದರೆ ‘ವನ್ಯಜೀವಿ ಉಳಿಸಿ’ ಎಂಬ ಒಂದೇ ಮಾತು ಎರಡಕ್ಕೂ ಹೊಂದುವುದಿಲ್ಲ ಎಂದು ಕಾಣುತ್ತದೆ. ಚಿಗರಿಗೆ ಬೇಕಾದದ್ದು ಮೇಯಲು ಹುಲ್ಲು, ರೈತನೊಂದಿಗೆ ರಾಜಿ. ಗಾಯರಾಣಗಳನ್ನು ಹುಲ್ಲಾಗಿಯೇ ಉಳಿಸಬೇಕು, ಹಾಳಾದ ಬೆಳೆಯ ಪರಿಹಾರ ಮುಂದಿನ ಬಿತ್ತಿಗೆಯೊಳಗೆ ಕೈಗೆ ಬರಬೇಕು. ರಾತ್ರಿಯೆಲ್ಲ ಬದುವಿನ ಮೇಲೆ ಕೂತವನ ನಿದ್ದೆಯ ಸಾಲ ತೀರಿಸದೆ ಅವನಿಗೆ ಸಂರಕ್ಷಣೆಯ ಪಾಠ ಹೇಳುವುದು ನನ್ನಿಂದಾಗದು.

ಎರೆಭೂತಕ್ಕೆ ಮೊದಲು ಖರ್ಚು ನಿಲ್ಲಬೇಕು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ, ಗುಜರಾತ್‌ಗಳ ಎರೆಭೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಿ ಎಂದಿತು. ಸೌರವಿದ್ಯುತ್ತಿನ ಅಗತ್ಯವನ್ನೂ ತೂಗಬೇಕೆಂದು 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ತಂತಿಯ ಮೇಲೆ ಮಿಂಚುವ ಬಿಲ್ಲೆಗಳನ್ನು ತೂಗುಹಾಕುವ ಕ್ರಮವೂ ಇದೆ. ಅದು ಸಾವನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ತಲೆ ಬಗ್ಗಿಸಿದ ಹಕ್ಕಿಗೆ ಬಿಲ್ಲೆಯೂ ಕಾಣದು ಎಂಬುದನ್ನು ಮೇಲೆ ನೋಡಿದೆವು.

ಜಮೆ ಹೆಚ್ಚಿಸುವ ಉಪಾಯವೊಂದು ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ನಡೆದಿದೆ. ಬಯಲಿನಲ್ಲಿಟ್ಟ ಮೊಟ್ಟೆಯನ್ನು ಬೇಗನೆ ತೆಗೆದು ತಂದು ಯಂತ್ರದಲ್ಲಿ ಕಾವು ಕೊಡುತ್ತಾರೆ. ಮೊಟ್ಟೆ ಹೋಯಿತೆಂದು ತಾಯಿ ಎಷ್ಟೋ ಸಲ ಇನ್ನೊಂದಿಡುತ್ತದೆ. ಒಂದಿದ್ದದ್ದು ಎರಡಾಯಿತು. ಸಾಕಿದ ಹಕ್ಕಿಗಳೇ ಈಗ ಅಲ್ಲಿ ಮೊಟ್ಟೆಯಿಡುತ್ತಿವೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಮೊಟ್ಟೆಯೊಡೆದು ಹೊರಬಂತು. ಆ ಮರಿಗಳನ್ನು ಬಿಡುವುದಕ್ಕೆ ತಂತಿಯಿಲ್ಲದ, ಮರ ನೆಡದ, ನಾಯಿಗಳ ಕಾಟವಿಲ್ಲದ ಬಯಲು ಬೇಕು. ಅದನ್ನು ಯಂತ್ರದಲ್ಲಿ ಕಾವು ಕೊಟ್ಟು ಮಾಡಲಾಗುವುದಿಲ್ಲ.

ತಿರ್ಲಾಪುರದ ಬದುವಿನ ಮೇಲೆ ಕೂತು ಅಜ್ಜನಿಗೆ ಇದನ್ನೆಲ್ಲ ಹಗೇವಿನ ಲೆಕ್ಕದಲ್ಲೇ ಹೇಳಿದೆ. ಕೇಳುತ್ತಾ ಕಡಲೆಯ ಹರಿದ ಕುಡಿಯೊಂದನ್ನು ಬೆರಳಲ್ಲಿ ಹೊಸೆಯುತ್ತಿದ್ದರು.

‘ಒಂದ ತತ್ತಿ? ಅದೂ ಬರೇ ನೆಲದ ಮ್ಯಾಲ?’

‘ಹೌದ್ರಿ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೋದ ಬ್ಯಾಸಿಗೆಯ ಸಂಗತಿ ತೆಗೆದರು. ಕುಂಟಿ ಹೊಡೆಯುವಾಗ ಟಿಟ್ಟಿಭವೊಂದು ಎತ್ತಿನ ತಲೆಯ ಮೇಲೇ ಹಾರಿ ಚೀರಾಡಿತಂತೆ. ಎತ್ತು ನಿಲ್ಲಿಸಿ ನೋಡಿದರೆ ಹೆಂಟೆಗಳ ನಡುವೆ ಮಣ್ಣಿನ ಬಣ್ಣದ ನಾಲ್ಕು ತತ್ತಿ. ಅಷ್ಟು ಜಾಗ ಬಿಟ್ಟು, ಸುತ್ತು ಹಾಕಿಕೊಂಡು ಕುಂಟಿ ಹೊಡೆದು ಮುಗಿಸಿದರಂತೆ.

‘ಮರೀ ಆದವೇನ್ರಿ?’ ಕೇಳಿದೆ.

‘ನಾಕೂ ಆದ್ವು’ ಎಂದು ಎದ್ದು ನಿಂತು, ಗಾಳಿಗೆ ಬಿಚ್ಚಿಕೊಂಡಿದ್ದ ಸೀರೆಯ ತುದಿಯನ್ನು ಮತ್ತೆ ಗೂಟಕ್ಕೆ ಕಟ್ಟತೊಡಗಿದರು.